ಬಿಸಿಲು ತಡೆಯುವ ಹುಲ್ಲು

ನಮ್ಮ ಚಿಕ್ಕಪ್ಪನನ್ನು ಊರೆಲ್ಲ ಕರೆಯುತ್ತಿದ್ದದ್ದು ಗ್ಯಾರಂಟಿ ಅಂತ. ಹೆತ್ತವರು ಇಟ್ಟ ಹೆಸರು ಗುರುತಿನ ಚೀಟಿಯಲ್ಲಿ ಹಾಯಾಗಿ ನಿದ್ದೆ ಮಾಡುತ್ತಿತ್ತು, ಅದನ್ನು ಎಬ್ಬಿಸುವ ಗೋಜಿಗೆ ಯಾರೂ ಹೋಗಿರಲಿಲ್ಲ. ಪೇಟೆಬೀದಿಯ ಬೀಜದಂಗಡಿಯಲ್ಲಿ ಕೌಂಟರಿನ ಹಿಂದೆ ನಿಂತು, ಬಂದವರು ಏನು ಕೇಳಿದರೂ “ತಗೊಂಡು ಹೋಗಿ, ಗ್ಯಾರಂಟಿ” ಅನ್ನುತ್ತಿದ್ದ. ಮೂಲಂಗಿ ಬೀಜಕ್ಕೂ ಗ್ಯಾರಂಟಿ, ಗುಲಾಬಿ ಗೊಬ್ಬರಕ್ಕೂ ಗ್ಯಾರಂಟಿ. ಯಾರೋ ಒಬ್ಬ ಕಿಡಿಗೇಡಿ “ನಾಳೆ ನಮ್ಮತ್ತೆ ವಾಪಸ್ ಹೊರಡ್ತಾರಾ?” ಅಂತ ಕೇಳಿದ್ದಕ್ಕೂ ಅದೇ ಗಂಭೀರ ಮುಖದಲ್ಲಿ “ಗ್ಯಾರಂಟಿ” ಅಂದನಂತೆ. ಅಂಗಡಿಗೆ ಅಂಗಡಿಯೇ ನಕ್ಕಿತು. ಚಿಕ್ಕಪ್ಪನೂ ಎಲ್ಲರ ಜೊತೆ ನಕ್ಕ. ಯಾಕೆ ನಗುತ್ತಿದ್ದಾರೆ ಅನ್ನುವುದು ಅವನೊಬ್ಬನಿಗೆ ಗೊತ್ತಿರಲಿಲ್ಲ.

ಅವನು ನನ್ನ ಅಪ್ಪನ ತಮ್ಮ. ಒಂದೇ ಮನೆ, ಮೇಲೆ ನಾನು ಮತ್ತು ಅಮ್ಮ, ಕೆಳಗೆ ಚಿಕ್ಕಪ್ಪ ಮತ್ತು ಚಿಕ್ಕಮ್ಮ. ನಾನು ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವವಳು, ಹಾಗಾಗಿ ಕೌಂಟರಿನ ಹಿಂದಿನವರ ಕಷ್ಟಸುಖ ನನಗೂ ಅಷ್ಟಿಷ್ಟು ಗೊತ್ತು. ಆದರೂ ಆ ಹುಲ್ಲಿನ ವಿಷಯದಲ್ಲಿ ನನಗೆ ಚಿಕ್ಕಪ್ಪನ ಮೇಲೆ ಬಂದ ಕೋಪ ಈಗಲೂ ಪೂರ್ತಿ ಇಳಿದಿಲ್ಲ. ಅದನ್ನು ಮುಚ್ಚಿಟ್ಟುಕೊಂಡು ಅವನ ಬಗ್ಗೆ ಬರೆಯುವುದು ನನ್ನಿಂದ ಆಗದ ಕೆಲಸ.

ಮೊದಲು ಅವನು ಹೀಗಿರಲಿಲ್ಲ. ನಾನು ಸ್ಕೂಲಿನಿಂದ ಬರುವಾಗ ಅಂಗಡಿಯ ಮೆಟ್ಟಿಲ ಮೇಲೆ ಬ್ಯಾಗು ಇಟ್ಟು ಅವನ ವ್ಯಾಪಾರ ನೋಡುತ್ತ ಕೂರುತ್ತಿದ್ದೆ. ಯಾರಾದರೂ ಹುಲ್ಲಿನ ಬೀಜ ಕೇಳಿದರೆ ಅವನು ಡಬ್ಬಿಯ ಮುಚ್ಚಳಕ್ಕೆ ಕೈ ಹಾಕುತ್ತಲೇ ಇರಲಿಲ್ಲ. ಎರಡೂ ಮೊಣಕೈ ಕೌಂಟರಿನ ಮೇಲೆ ಊರಿ ಪ್ರಶ್ನೆ ಶುರು ಮಾಡುತ್ತಿದ್ದ.

“ಜಾಗ ಯಾವ ಕಡೆ ಮುಖ ಮಾಡಿದೆ? ಬೆಳಗಿನ ಬಿಸಿಲು ಬೀಳುತ್ತಾ, ಮಧ್ಯಾಹ್ನದ್ದಾ? ಮರ ಇದೆಯಾ? ಎಲೆ ಉದುರೋ ಮರನಾ? ಕೆಳಗಿನ ಕೊಂಬೆ ಕಡಿಸಿದ್ದೀರಾ? ಅದರ ಮೇಲೆ ಯಾರು ಓಡಾಡ್ತಾರೆ, ನಾಯಿ ಉಂಟಾ?”

“ಪೊಲೀಸ್ ಸ್ಟೇಷನ್ನಲ್ಲೂ ಇಷ್ಟು ಕೇಳಲ್ಲ ಕಣಪ್ಪ, ಒಂದು ಪೊಟ್ಟಣ ಬೀಜ ಕೊಡು ಅಂದ್ರೆ” ಅಂತ ಗಿರಾಕಿಗಳು ಗೊಣಗುತ್ತಿದ್ದರು. ಗೊಣಗುತ್ತಲೇ ಉತ್ತರ ಕೊಡುತ್ತಿದ್ದರು. ಎಲ್ಲ ಕೇಳಿದ ಮೇಲೆಯೇ ಅವನು ಎರಡು ಡಬ್ಬಿಗಳಲ್ಲಿ ಒಂದನ್ನು ಎಳೆಯುತ್ತಿದ್ದದ್ದು. ಒಂದರಲ್ಲಿ ಅಗಲ ಎಲೆಯ ಹುಲ್ಲಿನ ಬೀಜ. ಅದಕ್ಕೆ ಬಿಸಿಲು ಎಷ್ಟಿದ್ದರೂ ಸಾಲದು. ಇನ್ನೊಂದರಲ್ಲಿ ನೂಲಿನಷ್ಟು ಸಣ್ಣ ಎಲೆಯ ಹುಲ್ಲಿನದು. ಅದು ಮರದ ಕೆಳಗೂ ಹೇಗೋ ಬದುಕುತ್ತದೆ. ಬೀಜ ನೋಡಿದರೆ ನಮ್ಮಂಥವರಿಗೆ ಎರಡೂ ಒಂದೇ ಹೊಟ್ಟು.

ನೆರಳಿನ ಬೀಜ ಕೊಡುವಾಗ ಅವನ ಉಪದೇಶ ಇನ್ನೂ ಉದ್ದ. “ಮರದ ಕೆಳಗೆ ಹುಲ್ಲು ಬೆಳೆಸೋದು ಅಂದ್ರೆ ಮರದ ತಟ್ಟೆಯಿಂದ ತೆಗೆದು ಹುಲ್ಲಿಗೆ ಉಣಿಸೋದು. ನೀರೆಲ್ಲ ಮರದ ಬೇರೇ ಕುಡಿದುಬಿಡುತ್ತೆ. ಅಪರೂಪಕ್ಕೆ ಹಾಕಿ, ಹಾಕಿದಾಗ ಆಳಕ್ಕೆ ಇಳಿಯೋ ಹಾಗೆ ಹಾಕಿ. ಗಿಡ್ಡ ಕತ್ತರಿಸ್ಬೇಡಿ. ಬಿದ್ದ ಎಲೆ ಹಾಗೇ ಬಿಡಬೇಡಿ, ಉಸಿರು ಕಟ್ಟುತ್ತೆ.” ಆಗ ಅವನ ಬಾಯಲ್ಲಿ ಗ್ಯಾರಂಟಿ ಅನ್ನುವ ಮಾತೇ ಇರಲಿಲ್ಲ. “ನೋಡೋಣ, ಬಂದ್ರೆ ಬಂತು” ಅನ್ನುತ್ತಿದ್ದ.

ಆಮೇಲೆ ಯಾವಾಗಲೋ ಅವನು ಪ್ರಶ್ನೆ ಕೇಳುವುದನ್ನು ನಿಲ್ಲಿಸಿದ. ಇಂಥ ದಿನ ಅಂತ ಹೇಳಲಾರೆ. ತಲೆ ಬೆಳ್ಳಗಾಗುವುದಕ್ಕೂ ಮಾತು ಗಟ್ಟಿಯಾಗುವುದಕ್ಕೂ ಸರಿಹೋಯಿತು. ಗಿರಾಕಿ ಬಾಯಿ ತೆರೆಯುವ ಮುಂಚೆ ಇವನೇ ಶುರು ಮಾಡಿ, ಇವನೇ ಮುಗಿಸಿ, ಪೊಟ್ಟಣ ಕಟ್ಟಿ ಕೈಗಿಡುವುದು. “ಅನುಭವಸ್ಥ, ಮುಖ ನೋಡಿದ್ರೇ ಗೊತ್ತಾಗುತ್ತೆ ಅವನಿಗೆ” ಅಂತ ಊರು ಹೊಗಳಿತು. ಅಂಗಡಿಯ ಯಜಮಾನರೂ ಮೆಚ್ಚಿದರು, ವ್ಯಾಪಾರ ಬೇಗ ಮುಗಿಯುತ್ತಿತ್ತಲ್ಲ.

ನಿಜ ಏನೆಂದರೆ ಅವನ ಕಿವಿ ಹೋಗುತ್ತಿತ್ತು. ಪ್ರಶ್ನೆ ಕೇಳಿದರೆ ಉತ್ತರ ಬರುತ್ತದೆ, ಉತ್ತರ ಬಂದರೆ ಕೇಳಿಸಿಕೊಳ್ಳಬೇಕಾಗುತ್ತದೆ. ಅದಕ್ಕೆ ಪ್ರಶ್ನೆಯನ್ನೇ ಬಿಟ್ಟ. ಪಕ್ಕದಲ್ಲಿ ಕಬ್ಬಿಣದ ಗೇಟು ಮಾಡುವವನು ಅಂಗಡಿ ತೆರೆದು ದಿನವಿಡೀ ತಗಡು ಬಡಿಯಲು ಶುರು ಮಾಡಿದ ಮೇಲಂತೂ ಗಿರಾಕಿಗಳ ತುಟಿ ನೋಡಿಕೊಂಡು, ಅಲ್ಲೊಂದು ಇಲ್ಲೊಂದು ಪದ ಹೆಕ್ಕಿಕೊಂಡು ಕಾಲ ತಳ್ಳುತ್ತಿದ್ದ.

ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಅದಕ್ಕೊಂದು ಕಾರಣವಿತ್ತು. ಹಿಂದೆ ಅದೇ ಅಂಗಡಿಯಲ್ಲಿ ತೂಕ ಮಾಡುತ್ತಿದ್ದ ಒಬ್ಬರಿಗೆ ಕಣ್ಣು ಮಂಜಾದಾಗ ಯಜಮಾನರು ಅವರನ್ನು ಹಿಂದಿನ ಗೋದಾಮಿಗೆ ಕಳಿಸಿದ್ದರು. ಒಳ್ಳೆಯ ಮನಸ್ಸಿನಿಂದಲೇ ಕಳಿಸಿದ್ದು, ಕೆಲಸದಿಂದ ತೆಗೆಯಲಿಲ್ಲ. ಆದರೆ ಆ ಮನುಷ್ಯ ಅಲ್ಲಿ ಕತ್ತಲಲ್ಲಿ ಖಾಲಿ ಚೀಲ ಮಡಚುತ್ತ ಕೂತಿರುವುದನ್ನು ಚಿಕ್ಕಪ್ಪ ದಿನಾ ನೋಡಿದ್ದ. ನಾಲ್ಕು ಜನರ ಮುಂದೆ ನಿಂತು ಮಾತಾಡಿ ಬದುಕಿದ ಮನುಷ್ಯನಿಗೆ ಆ ಗೋದಾಮು ಅಂದರೆ ಜೀವ ಹಿಂಡಿದ ಹಾಗಾಗುತ್ತಿತ್ತು.

ಮನೆಯಲ್ಲಿ ಅವನಿಗೆ ಅಷ್ಟು ಕಷ್ಟವಿರಲಿಲ್ಲ, ಯಾಕೆಂದರೆ ಚಿಕ್ಕಮ್ಮನ ಗಂಟಲು ಹುಟ್ಟಾ ದೊಡ್ಡದು. ಅವಳು ಅಡುಗೆಮನೆಯಲ್ಲಿ ಗುಟ್ಟು ಹೇಳಿದರೆ ಮೇಲಿನ ಮಹಡಿಯಲ್ಲಿ ನಾವು ಹೂಂಗುಡುತ್ತಿದ್ದೆವು. ಒಮ್ಮೆ ಮಾತ್ರ, ಅವಳಿಗೆ ನೆಗಡಿಯಾಗಿ ಗಂಟಲು ಕಟ್ಟಿದ್ದಾಗ, “ಉಪ್ಪು ಜಾಸ್ತಿ ಆಯ್ತೇನ್ರೀ?” ಅಂದದ್ದಕ್ಕೆ ಅವನು “ಆಯ್ತು, ಭಾನುವಾರ ಹೋಗಿ ಬರೋಣ” ಅಂದ. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮರೆವು ಅಂದುಕೊಂಡೆವು, ಅನ್ಯಮನಸ್ಕ ಅಂದುಕೊಂಡೆವು. ಮನೆಯವರು ಅಂದಮೇಲೆ ಅಷ್ಟೇ ತಾನೇ, ಹತ್ತಿರದ್ದು ಯಾವುದೂ ಕಣ್ಣಿಗೆ ಬೀಳುವುದಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಹೊಲಿಗೆ ಟೀಚರ್ ಅಂಗಡಿಗೆ ಬಂದರು.

ಹೊಲಿಗೆ ಟೀಚರ್ ಅಂದರೆ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಹೊಲಿಗೆ ಹೇಳಿಕೊಟ್ಟು ನಿವೃತ್ತರಾದವರು. ಚಿಕ್ಕಮ್ಮ ಅವರ ಶಿಷ್ಯೆ. ತುಂಬಾ ಮೆಲ್ಲಗಿನ ಮಾತು ಅವರದು, ಎದುರಿಗೆ ಕೂತವರೂ ಸ್ವಲ್ಪ ಮುಂದಕ್ಕೆ ಬಾಗಬೇಕು. ಅವರ ಗಂಡ ಬಸ್ ಡ್ರೈವರಾಗಿದ್ದವರು. ಆ ಮನುಷ್ಯನ ದನಿ ಎಷ್ಟು ದೊಡ್ಡದೆಂದರೆ ಬಸ್ಸಿಗೆ ಹಾರ್ನು ಬೇಕಾಗಿರಲಿಲ್ಲ ಅಂತ ತಮಾಷೆ ಮಾಡುತ್ತಿದ್ದರು. ಅಂಥವರಿಗೆ ಲಕ್ವ ಹೊಡೆದು ಒಂದು ಪಕ್ಕ ಬಿದ್ದುಹೋಯಿತು. ಮಾತು ತೊದಲಿ ತೊದಲಿ, ಕೊನೆಗೆ ಟೀಚರಿಗೆ ಬಿಟ್ಟು ಬೇರೆ ಯಾರಿಗೂ ಅರ್ಥವಾಗದ ಸ್ಥಿತಿಗೆ ಬಂತು. ಕಾಲು ಮಾತ್ರ ಸುಧಾರಿಸುತ್ತಿತ್ತು. ದಿನಾ ಬರಿಗಾಲಲ್ಲಿ ಸ್ವಲ್ಪ ಸ್ವಲ್ಪ ನಡೆಸಿ, ಮೆತ್ತಗಿನ ನೆಲ ಆದರೆ ಒಳ್ಳೆಯದು, ಬಿದ್ದರೂ ಪೆಟ್ಟಾಗಲ್ಲ ಅಂತ ಡಾಕ್ಟರು ಹೇಳಿದ್ದರು. ಡ್ರೈವರಿಗೆ ಬಿಸಿಲಲ್ಲಿ ನಿಂತರೆ ತಲೆ ಸುತ್ತುತ್ತಿತ್ತು. ಮನೆಯ ಮುಂದೆ ಎರಡು ದೊಡ್ಡ ಮರ, ಮರದ ಕೆಳಗೆ ಬೋಳು ಮಣ್ಣು. ಅಲ್ಲಿ ಹುಲ್ಲು ಬೆಳೆಸಿದರೆ ಗಂಡ ನಡೆಯುತ್ತಾರೆ ಅನ್ನುವ ಆಸೆ ಟೀಚರಿಗೆ.

ಇದನ್ನೆಲ್ಲ ಅವರು ಕೌಂಟರಿನ ಮುಂದೆ ನಿಂತು ತಮ್ಮ ಮೆಲುದನಿಯಲ್ಲಿ ವಿವರವಾಗಿ ಹೇಳಿದರು. ಪಕ್ಕದಲ್ಲಿ ತಗಡು ಬಡಿಯುತ್ತಿತ್ತು. ಅವರು ಹೇಳಿದ ಕೊನೆಯ ಮಾತು ಹೀಗಿತ್ತು: “ಎರಡೂ ಮರ ಸೇರಿ ಬಿಸಿಲು ಪೂರ್ತಿ ತಡೀತವೆ. ಅಂಥ ಕಡೆ ಬರೋ ಹುಲ್ಲು ಬೇಕಾಗಿತ್ತು.”

ಚಿಕ್ಕಪ್ಪನಿಗೆ ಕೇಳಿಸಿದ್ದು ಮೂರೇ ತುಣುಕು. ಬಿಸಿಲು, ತಡೀ, ಹುಲ್ಲು.

ನಮ್ಮ ಮಾತಿನಲ್ಲಿ ಈ ತಡೆಯುವುದು ಅನ್ನುವುದೊಂದು ಎರಡು ಮುಖದ ಪದ. ಗೋಡೆ ಗಾಳಿಯನ್ನು ತಡೆಯುತ್ತದೆ ಅಂದರೆ ಒಳಗೆ ಬಿಡುವುದಿಲ್ಲ ಅಂತ. ಚಳಿ ತಡೆಯೋಕಾಗಲ್ಲ ಅಂದರೆ ಸಹಿಸೋಕಾಗಲ್ಲ ಅಂತ. ದಿನಾ ಎರಡನ್ನೂ ಆಡುತ್ತೇವೆ, ಯಾವತ್ತೂ ಎಡವುವುದಿಲ್ಲ. ಅಂಗಡಿಯಲ್ಲಿ ಆ ಅಗಲ ಎಲೆಯ ಹುಲ್ಲಿನ ಡಬ್ಬಿಯ ಮೇಲೆ ಚಿಕ್ಕಪ್ಪನೇ ಬಣ್ಣದಲ್ಲಿ “ಬಿಸಿಲು ತಡೆಯುತ್ತದೆ” ಅಂತ ಬರೆದಿಟ್ಟಿದ್ದ. ಎಂಥ ಉರಿಬಿಸಿಲಿಗೂ ಜಗ್ಗದ ಹುಲ್ಲು ಅನ್ನುವ ಅರ್ಥದಲ್ಲಿ. ಅವನ ಕಿವಿಗೆ ಬಿದ್ದ ತುಣುಕುಗಳು ಡಬ್ಬಿಯ ಮೇಲಿನ ಬರಹಕ್ಕೆ ಸರಿಯಾಗಿ ಹೊಂದಿಕೊಂಡವು. ಸದ್ಯ, ಬದುಕಿಕೊಂಡೆ ಅಂದುಕೊಂಡು ಅದನ್ನೇ ಎಳೆದು, ಅಳೆದು, ಪೊಟ್ಟಣದ ಮೇಲೆ “ಬಿಸಿಲು ತಡೆಯುವ ಹುಲ್ಲು” ಅಂತ ಬರೆದುಕೊಟ್ಟ.

ಟೀಚರ್ ಅದನ್ನು ಓದಿದರು. ಮರ ಬಿಸಿಲು ತಡೆಯುತ್ತದೆ ಅಂದೆನಲ್ಲ, ಇವರು ಅದಕ್ಕೆ ತಕ್ಕ ಹುಲ್ಲು ಕೊಟ್ಟಿದ್ದಾರೆ ಅಂದುಕೊಂಡರು. ಆದರೂ ಜೀವನವಿಡೀ ಅಳತೆ ತೆಗೆದ ಮೇಲೂ ಇನ್ನೊಮ್ಮೆ ಟೇಪು ಹಿಡಿಯುವ ಹೆಂಗಸು ಅವರು. ಪೊಟ್ಟಣ ಚೀಲಕ್ಕೆ ಹಾಕುವ ಮುಂಚೆ ಕೇಳಿದರು: “ಇದು ನೆರಳಲ್ಲಿ ಬರುತ್ತಲ್ವಾ?”

ಅದು ಪ್ರಶ್ನೆ ಅನ್ನುವುದು ಚಿಕ್ಕಪ್ಪನಿಗೆ ಅವರ ಹುಬ್ಬು ನೋಡಿ ಗೊತ್ತಾಯಿತು. ಯಾವ ಪ್ರಶ್ನೆ ಅನ್ನುವುದು ಗೊತ್ತಾಗಲಿಲ್ಲ. ಯಜಮಾನರು ಎರಡು ಮಾರು ದೂರದಲ್ಲಿ ಕೂತು ಪೇಪರ್ ಓದುತ್ತಿದ್ದರು. ಹಿಂದೆ ಇನ್ನಿಬ್ಬರು ಗಿರಾಕಿಗಳು ನಿಂತಿದ್ದರು. “ಏನಂದ್ರಿ ಟೀಚರ್?” ಅಂತ ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಅವನು ತಲೆ ಆಡಿಸಿ “ಗ್ಯಾರಂಟಿ” ಅಂದ.

ಹುಲ್ಲು ಮೊಳೆಯಿತು. ಅದೇ ಅದರ ಮೋಸ. ಯಾವ ಬೀಜವಾದರೂ ತನ್ನ ಹೊಟ್ಟೆಯಲ್ಲಿರುವುದನ್ನು ಉಂಡುಕೊಂಡು ಮೊದಲು ಚೆನ್ನಾಗಿಯೇ ಮೇಲೆ ಬರುತ್ತದೆ. ಮರದ ಬುಡದ ಸುತ್ತ ಎಳೇ ಹಸಿರು ಹರಡಿದಾಗ ಟೀಚರ್ ಅಂಗಡಿಗೇ ಬಂದು ಖುಷಿ ಹೇಳಿಹೋದರು. ಡ್ರೈವರು ಸೋತ ಕೈ ಟೀಚರ ಭುಜದ ಮೇಲೆ, ಒಳ್ಳೆಯ ಕೈ ಕಾಂಪೌಂಡ್ ಗೋಡೆಯ ಮೇಲೆ ಇಟ್ಟುಕೊಂಡು ಬರಿಗಾಲಲ್ಲಿ ಅದರ ಮೇಲೆ ನಡೆದರಂತೆ. ಆಮೇಲೆ ಗೋಡೆ ಬಿಟ್ಟರು. ಆಮೇಲೆ ಭುಜವನ್ನೂ ಬಿಟ್ಟರು. ಇದನ್ನು ಚಿಕ್ಕಮ್ಮ ಬಂದು ಕೂಗಿ ಹೇಳಿದಾಗ ಚಿಕ್ಕಪ್ಪನ ಮುಖ ಅರಳಿದ್ದು ನನಗೆ ನೆನಪಿದೆ.

ಸ್ವಲ್ಪ ದಿನಕ್ಕೆ ಹುಲ್ಲು ಉದ್ದುದ್ದ ಎಳೆದುಕೊಂಡು, ಬಿಳಚಿಕೊಂಡು, ಮಕಾಡೆ ಬೀಳತೊಡಗಿತು. ಟೀಚರ್ ಒಂದು ಹಿಡಿ ಕಿತ್ತು, ಒದ್ದೆ ಕರವಸ್ತ್ರದಲ್ಲಿ ಸುತ್ತಿಕೊಂಡು ಮತ್ತೆ ಅಂಗಡಿಗೆ ಬಂದರು. ಕರವಸ್ತ್ರ ಬಿಡಿಸಿದ ತಕ್ಷಣ ಚಿಕ್ಕಪ್ಪನಿಗೆ ಎಲ್ಲ ಗೊತ್ತಾಯಿತು. ಎಲೆಯ ಅಗಲವೇ ಹೇಳುತ್ತಿತ್ತು. ಬೇರಿಗೆ ಅಂಟಿದ್ದ ಕಪ್ಪು ಮಣ್ಣು, ಅದರಲ್ಲಿ ಸಿಕ್ಕಿಕೊಂಡ ಕೊಳೆತ ಮರದೆಲೆ ಉಳಿದ ಕಥೆ ಹೇಳುತ್ತಿದ್ದವು. ಮರದ ಕೆಳಗಿನ ಜಾಗಕ್ಕೆ ತಾನು ಬಿಸಿಲಿನ ಬೀಜ ಕೊಟ್ಟಿದ್ದ.

ನಿಜ ಹೇಳಬೇಕೆಂದರೆ ಅಲ್ಲಿಯವರೆಗೆ ಆದದ್ದನ್ನು ನಾನು ಕ್ಷಮಿಸಬಲ್ಲೆ. ಕಿವಿ ಕೇಳದವನ ಎಡವಟ್ಟು ಅನ್ನಬಹುದು. ಆಮೇಲೆ ಅವನು ಮಾಡಿದ್ದು ಬೇರೆ. ಯಜಮಾನರು ಪೇಪರ್ ಕೆಳಗಿಟ್ಟು “ಏನಾಯ್ತು?” ಅಂತ ಎದ್ದು ಬಂದರು. ಚಿಕ್ಕಪ್ಪ ಆ ಹುಲ್ಲನ್ನು ಎತ್ತಿ ಹಿಡಿದು, ಎಲ್ಲರಿಗೂ ಕೇಳುವ ಹಾಗೆ, “ನೀರು ಜಾಸ್ತಿ ಹಾಕಿದ್ದೀರಿ ಟೀಚರ್. ಬೇರು ಕೊಳೆತಿದೆ, ನೋಡಿ” ಅಂದ.

ಟೀಚರ ಮುಖ ಕೆಂಪಾಯಿತಂತೆ. ಅಷ್ಟು ಜನರ ಮುಂದೆ ತಪ್ಪು ಹಿಡಿಸಿಕೊಂಡ ಮಗುವಿನ ಹಾಗೆ ನಿಂತರು. “ಹೌದೇನೋ. ನಾನು ಬೇಗ ಬರಲಿ ಅಂತ ಎರಡು ಹೊತ್ತೂ ಹಾಕ್ತಿದ್ದೆ” ಅಂದರು. ಬೀಜ ಹಾಳು ಮಾಡಿದ್ದಕ್ಕೆ ಅವರೇ ಕ್ಷಮೆ ಕೇಳಿದರು. ಚಿಕ್ಕಪ್ಪ ದೊಡ್ಡ ಮನಸ್ಸು ಮಾಡಿದವನ ಹಾಗೆ “ಪರವಾಗಿಲ್ಲ. ನೀರು ನಿಲ್ಲಿಸಿ, ಮತ್ತೆ ಎದ್ದೇಳುತ್ತೆ, ಗ್ಯಾರಂಟಿ” ಅಂದ.

ಟೀಚರ್ ನಂಬಿದರು. ಆ ಹುಲ್ಲನ್ನು ಕೆರೆದು ತೆಗೆಯದೆ, ಎದ್ದೀತು ಎದ್ದೀತು ಅಂತ ಕಾದರು. ಅದು ಮಲಗಿದಲ್ಲೇ ಕೊಳೆಯಿತು. ಎರಡು ದಿನ ಜಡಿ ಹಿಡಿದು ಮಳೆ ಬಂತು, ಕೊಳೆತ ಹುಲ್ಲಿನ ಮೇಲೆ ಪಾಚಿಯಂಥದ್ದು ಕಟ್ಟಿತು. ಮಳೆ ನಿಂತ ಬೆಳಿಗ್ಗೆ ಟೀಚರ್ ಹಾಲು ತರಲು ಬೀದಿ ತುದಿಗೆ ಹೋಗಿದ್ದಾಗ ಡ್ರೈವರು ಹೊಸ ಧೈರ್ಯದಲ್ಲಿ ಒಬ್ಬರೇ ಮರದ ಕೆಳಗೆ ಇಳಿದರು. ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಈ ವಯಸ್ಸಿನಲ್ಲಿ, ಈ ಮೈಯಲ್ಲಿ, ಇನ್ನು ನಡೆಯುವ ಮಾತು ಬೇಡ ಅಂದರು ಡಾಕ್ಟರು.

ಚಿಕ್ಕಮ್ಮ ನೋಡಿಕೊಂಡು ಬಂದಳು. ಬಂದವಳು ಚಪ್ಪಲಿ ಬಿಡುತ್ತಲೇ ತನ್ನ ಎಂದಿನ ಗಂಟಲಲ್ಲಿ ಶುರು ಮಾಡಿದಳು. ನಾನು ಮೆಟ್ಟಿಲ ಮೇಲೆ ನಿಂತು ಕೇಳಿದೆ.

“ಅಯ್ಯೋ, ಟೀಚರನ್ನ ನೋಡೋಕಾಗಲ್ಲ ಕಣ್ರೀ. ಬಂದವರಿಗೆಲ್ಲ ಅದೇ ಹೇಳ್ತಾರೆ. ನಾನೇ ನೀರು ಸುರಿದು ಸುರಿದು ಕೊಳೆಸಿದೆ, ನಾನೇ ಅವರನ್ನ ಬೀಳಿಸಿದೆ ಅಂತ. ಆ ಮನುಷ್ಯ ಗೋಡೆ ಕಡೆ ಮುಖ ಮಾಡಿ ಮಲಗಿದ್ದಾರೆ, ಹೆಂಡತಿ ಜೊತೆ ಒಂದು ಮಾತಿಲ್ಲ. ಆ ಮನುಷ್ಯನ ಮಾತು ಅರ್ಥ ಆಗ್ತಿದ್ದಿದ್ದು ಟೀಚರೊಬ್ಬರಿಗೇ, ಈಗ ಅದೂ ಇಲ್ಲ. ಅಷ್ಟು ವರ್ಷದ ಸಂಸಾರ!”

ಚಿಕ್ಕಪ್ಪ ಕುರ್ಚಿಯಲ್ಲಿ ಕೂತಿದ್ದ. ಈ ಸಲ ಪ್ರತಿಯೊಂದು ಪದವೂ ಅವನಿಗೆ ಕೇಳಿಸಿತು. ಎದ್ದು ಹಿತ್ತಲ ಬಾಗಿಲಿಗೆ ಹೋದ. ಕೈ ತೊಳೆದ. ಒರೆಸಿಕೊಂಡು ಮತ್ತೆ ತೊಳೆದ. ಊಟಕ್ಕೆ ಕರೆದರೆ ಹೊಟ್ಟೆ ಸರಿಯಿಲ್ಲ ಅಂದ.

ಆಮೇಲೆ ಅವನು ಕುಗ್ಗುತ್ತ ಹೋದದ್ದನ್ನು ನಾವು ನೋಡಿದೆವು, ಕಾರಣ ತಿಳಿಯಲಿಲ್ಲ. ಅಂಗಡಿಗೆ ಹೋಗುವಾಗ ಹತ್ತಿರದ ದಾರಿ ಬಿಟ್ಟು ಸುತ್ತು ಬಳಸಿ ಹೋಗುತ್ತಿದ್ದ, ಹತ್ತಿರದ ದಾರಿಯಲ್ಲಿ ಟೀಚರ ಮನೆ ಇತ್ತು. ಊಟದ ಬಿಡುವಿನಲ್ಲಿ ಮಾತ್ರ ಅದೇ ಮನೆಯ ಗೇಟಿನವರೆಗೆ ಹೋಗಿ, ಮರದ ಕೆಳಗಿನ ಆ ಹಳದಿ ಕಲೆ ನೋಡಿ, ಯಾರಾದರೂ ಹೊರಗೆ ಬಂದರೆ ಕಳ್ಳನ ಹಾಗೆ ತಿರುಗಿಬಿಡುತ್ತಿದ್ದನಂತೆ. ಕೌಂಟರಿನಲ್ಲಿ ಅವನ ಬಾಯಿಂದ ಗ್ಯಾರಂಟಿ ಬರುವುದು ನಿಂತಿತು. ಯಜಮಾನರು “ಏನಯ್ಯಾ, ಗ್ಯಾರಂಟಿ ಮುಗಿದುಹೋಯ್ತಾ?” ಅಂತ ನಕ್ಕರೆ ಇವನು ತಿರುಗಿ ಡಬ್ಬಿ ಒರೆಸತೊಡಗುತ್ತಿದ್ದ.

ಒಂದು ರಜೆಯ ಮಧ್ಯಾಹ್ನ ನಾನು ಹಿತ್ತಲ ಮೆಟ್ಟಿಲ ಮೇಲೆ ಬಟಾಣಿ ಬಿಡಿಸುತ್ತಿದ್ದೆ. ಅವನು ಬಂದು ಒಂದು ಮೆಟ್ಟಿಲು ಕೆಳಗೆ, ನನ್ನ ಮುಖ ಕಾಣುವ ಹಾಗೆ ಕೂತ. ಸಿಪ್ಪೆಯನ್ನು ಸುಮ್ಮನೆ ಚೂರು ಮಾಡುತ್ತ ಮೊದಲಿಂದ ಕೊನೆಯವರೆಗೆ ಹೇಳಿದ. ಕಿವಿಯದ್ದು, ಗೋದಾಮಿನದ್ದು, ಆ ಮೂರು ತುಣುಕು, ಆ ಹುಬ್ಬು. ನೀರು ಜಾಸ್ತಿ ಅಂದದ್ದನ್ನು ಹೇಳುವಾಗ ಮಾತ್ರ ತಲೆ ತಗ್ಗಿಸಿದ್ದರಿಂದ ನನ್ನ ಮುಖ ಅವನಿಗೆ ಕಾಣಲಿಲ್ಲ. ಒಳ್ಳೆಯದೇ ಆಯಿತು.

“ಎಷ್ಟು ಜನರಿಗೆ ಹೀಗೆ ತಲೆ ಆಡಿಸಿದ್ದೀಯ ಚಿಕ್ಕಪ್ಪ?” ಅಂದೆ.

ಅವನು ತಲೆ ಎತ್ತಿ “ಏನು?” ಅನ್ನುವುದಕ್ಕೂ ಬಾಯಿ ಬರದೆ ನನ್ನ ತುಟಿಯನ್ನೇ ನೋಡಿದ. ನನಗೆ ಅಯ್ಯೋ ಅನ್ನಿಸಿತು, ಸಿಟ್ಟೂ ಬಂತು. ಜೋರಾಗಿ ಇನ್ನೊಮ್ಮೆ ಕೇಳಿದೆ.

“ಲೆಕ್ಕ ಇಟ್ಟಿಲ್ಲ” ಅಂದ. “ಉಳಿದವರದ್ದು ಒಂದು ಪಾತಿ ಹೋಗಿರುತ್ತೆ, ಒಂದು ಬುಟ್ಟಿ ತರಕಾರಿ ಹೋಗಿರುತ್ತೆ. ಇವರದ್ದು...” ಕೈಯಲ್ಲಿದ್ದ ಸಿಪ್ಪೆಯ ಚೂರನ್ನು ಕೆಳಗೆ ಹಾಕಿದ. “ನಾಚಿಕೆ ಆಗುತ್ತೆ ಕಣೇ. ಕಿವಿ ಹೋಗಿದ್ದಕ್ಕೆ ನಾಚಿಕೆ ಅಂದ್ಕೊಂಡಿದ್ದೆ ಇಷ್ಟು ದಿನ. ಅದೇನು ಮಹಾ ನಾಚಿಕೆ. ನಾಚಿಕೆ ಅಂದ್ರೆ ಇದು” ಅಂದ.

“ಹೋಗಿ ಹೇಳು.”

“ಹೇಳ್ತೀನಿ. ನೀನೂ ಬಾ. ಅವರು ಮೆಲ್ಲಗೆ ಮಾತಾಡ್ತಾರೆ, ಏನಂದ್ರು ಅಂತ ನೀನು ಹೇಳು ನಂಗೆ.”

“ಜೊತೆಗೆ ಬರ್ತೀನಿ. ಅವರು ಅನ್ನೋದನ್ನ ನಿನಗೆ ದಾಟಿಸೋಕೆ ನಾನು ಬರಲ್ಲ. ನೀನೇ ಕೇಳಿಸ್ಕೋ” ಅಂದೆ. ಅಷ್ಟು ಕಟುವಾಗಿ ಹೇಳಬೇಕಾಗಿತ್ತಾ ಅಂತ ಈಗ ಅನ್ನಿಸುತ್ತದೆ, ಆದರೆ ಹೇಳಿದ್ದು ತಪ್ಪು ಅನ್ನಿಸುವುದಿಲ್ಲ.

ಮಾರನೇ ದಿನ ಬೆಳಿಗ್ಗೆ ಅವನು ಅಂಗಡಿ ಬೇಗ ತೆರೆದ. ನಾನು ಅಂಚೆ ಕಚೇರಿಗೆ ತಡವಾಗಿ ಬರುತ್ತೇನೆಂದು ಹೇಳಿ ಅವನ ಜೊತೆ ಹೋದೆ. ಬರಿಗೈಯಲ್ಲಿ ಹೋಗಲಾರೆ ಅಂತ ಅವನ ಹಟ. ನೆರಳಿನ ಡಬ್ಬಿ ಎಳೆದು, ಒಂದೊಂದು ಹಿಡಿಯನ್ನೂ ಅಂಗೈಯಲ್ಲಿ ಹರಡಿ, ಬೆಳಕಿಗೆ ಹಿಡಿದು, ಮೆಲ್ಲಗೆ ಊದಿ ಜೊಳ್ಳು ಹಾರಿಸಿ, ಗಟ್ಟಿ ಕಾಳು ಮಾತ್ರ ಪೊಟ್ಟಣಕ್ಕೆ ಹಾಕತೊಡಗಿದ. ಅದರ ಜೊತೆಗೆ ಇನ್ನೊಂದು ಜಾತಿಯದ್ದು ಸ್ವಲ್ಪ ಬೆರೆಸಬೇಕು, ಎರಡರಲ್ಲಿ ಒಂದು ಹೋದರೂ ಒಂದು ಉಳಿಯುತ್ತೆ ಅಂದ. ಕೆಳಗಿನ ಕೊಂಬೆ ನಾನೇ ಹತ್ತಿ ಕಡಿದುಕೊಡ್ತೀನಿ, ಮಣ್ಣು ಕೆದಕಿ ಎಲೆಗೊಬ್ಬರ ಹಾಕ್ತೀನಿ, ಬೆಳಗಿನ ಬಿಸಿಲು ಸ್ವಲ್ಪ ಒಳಗೆ ಬಂದರೆ ಸಾಕು ಅಂದ. ಹಳೆಯ ಚಿಕ್ಕಪ್ಪ ಆ ಹೊತ್ತಿಗೆ ವಾಪಸು ಬಂದಿದ್ದ. ಅವನ ಬೆರಳುಗಳು ಎಷ್ಟು ಖುಷಿಯಾಗಿ ಕೆಲಸ ಮಾಡುತ್ತಿದ್ದವೆಂದರೆ ನನಗೆ ಮೈ ಉರಿಯಿತು.

“ಆ ಹುಲ್ಲಿನ ಮೇಲೆ ಇನ್ನು ಯಾರು ನಡೀತಾರೆ ಚಿಕ್ಕಪ್ಪ?” ಅಂದೆ.

ಪಕ್ಕದ ತಗಡಿನಂಗಡಿ ಇನ್ನೂ ತೆರೆದಿರಲಿಲ್ಲ. ಅವನಿಗೆ ಕೇಳಿಸಿತು. ಕೈಯಲ್ಲಿದ್ದ ಬೀಜವನ್ನು ಹಾಗೇ ಹಿಡಿದು ನಿಂತ. ಆಮೇಲೆ ಪೊಟ್ಟಣವನ್ನು ಬಿಚ್ಚಿ ಎಲ್ಲವನ್ನೂ ಡಬ್ಬಿಗೆ ಸುರಿದು, ಮುಚ್ಚಳ ಹಾಕಿದ. ಬರಿಗೈಯಲ್ಲೇ ಹೋದೆವು.

ಟೀಚರ್ ಅಂಗಳದ ನಲ್ಲಿಯ ಹತ್ತಿರ ಕೂತು ಹಾಸಿಗೆಯ ಬಟ್ಟೆ ಒಗೆಯುತ್ತಿದ್ದರು. ನನ್ನನ್ನು ನೋಡಿ ನಕ್ಕರು, ಚಿಕ್ಕಪ್ಪನನ್ನು ನೋಡಿ ಏಳಲು ಹೋದರು. ಅವನು ಬೇಡ ಬೇಡ ಅಂತ ಕೈ ಮಾಡಿ, ಗೇಟಿನಿಂದ ನಲ್ಲಿಯವರೆಗೆ ಹೋಗುವಷ್ಟರಲ್ಲೇ ಮಾತು ಶುರು ಮಾಡಿದ. ತಡಮಾಡಿದರೆ ಹೇಳಲಾರೆ ಅನ್ನುವ ಭಯ ಇದ್ದಿರಬೇಕು. ಬೀಜ ತಪ್ಪು ಕೊಟ್ಟಿದ್ದು ನಾನು. ನೀವು ಕೇಳಿದ್ದು ನಂಗೆ ಕೇಳಿಸಿರಲಿಲ್ಲ. ಹುಲ್ಲು ತಂದು ತೋರಿಸಿದಾಗಲೇ ಗೊತ್ತಾಗಿತ್ತು. ಗೊತ್ತಿದ್ದೂ ನೀರಿನ ಮಾತು ತೆಗೆದೆ. ಆವತ್ತು ನಿಜ ಹೇಳಿದ್ದಿದ್ದರೆ ನೀವು ಅದನ್ನ ಕೆರೆದು ತೆಗೀತಿದ್ರಿ, ಅವರು ಬೀಳ್ತಿರಲಿಲ್ಲ. ಇಷ್ಟನ್ನೂ ಒಂದೇ ಉಸಿರಿಗೆ ಹೇಳಿದ. ಅಂಗಡಿಯ ದನಿಯಲ್ಲೇ ಹೇಳಿದ್ದರಿಂದ ಪಕ್ಕದ ಮನೆಯ ಕಿಟಕಿಯಲ್ಲಿ ಒಂದು ಮುಖ ಕಾಣಿಸಿತು.

ಟೀಚರ ಕೈ ಬಟ್ಟೆಯ ಮೇಲೆ ನಿಂತಿತ್ತು. ಅವರು ನಲ್ಲಿ ನಿಲ್ಲಿಸಿದರು. ನಮಗೆ ಬೆನ್ನು ಮಾಡಿ, ಬಟ್ಟೆಯನ್ನು ನಿಧಾನವಾಗಿ ಹಿಂಡುತ್ತ ಏನೋ ಅಂದರು. ನನಗೆ ಕೇಳಿಸಿತು. ಚಿಕ್ಕಪ್ಪನ ತಲೆ ಅಭ್ಯಾಸಬಲದಿಂದ ಆಗಲೇ ಆಡಲು ಶುರುವಾಗಿತ್ತು. ಅವನು ನನ್ನ ಕಡೆ ನೋಡಿದ. ನಾನು ತುಟಿ ಬಿಚ್ಚಲಿಲ್ಲ.

“ಕೇಳಿಸಲಿಲ್ಲ ಟೀಚರ್” ಅಂದ ಚಿಕ್ಕಪ್ಪ. “ನನ್ನ ಕಿವಿ ಹೋಗಿದೆ. ಇನ್ನೊಂದು ಸಲ ಹೇಳಿ.”

ಟೀಚರ್ ಎದ್ದು ತಿರುಗಿದರು. ಆ ಹೆಂಗಸು ಜೋರಾಗಿ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ದನಿ ಒಡೆದು ಚೂರಾಗಿ ಬಂತು.

“ದಿನಾ ಅವರ ಹತ್ರ ಕ್ಷಮೆ ಕೇಳ್ತಾ ಇದ್ದೀನಿ ಅಂದೆ! ದಿನಾ! ಬೆಳಿಗ್ಗೆ ಎದ್ದರೆ ಅದೇ ಕೆಲಸ ನಂಗೆ. ಅವರು ನನ್ನ ಮುಖ ನೋಡ್ತಿಲ್ಲ. ಒಳಗೆ ಬನ್ನಿ ನೀವು. ನಂಗಲ್ಲ, ಅವರಿಗೆ ಹೇಳಿ. ನಾನು ಮಾಡಿದ್ದಲ್ಲ ಅಂತ ಅವರ ಮುಂದೆ ಹೇಳಿ!”

ಈ ಸಲ ಬೀದಿಗೇ ಕೇಳಿಸಿತು. ಚಿಕ್ಕಪ್ಪ ಚಪ್ಪಲಿ ಬಿಟ್ಟು ಅವರ ಹಿಂದೆ ಒಳಗೆ ಹೋದ. ನಾನೂ ಹೋದೆ.

ಕೋಣೆಯಲ್ಲಿ ಔಷಧಿಯ ವಾಸನೆ. ಕಿಟಕಿಯ ಪಕ್ಕ ಮಂಚ, ಗೋಡೆಗೆ ಒರಗಿಸಿಟ್ಟ ಊರುಗೋಲು, ಮಂಚದ ಕೆಳಗೆ ಪ್ಲಾಸ್ಟಿಕ್ ಬೇಸಿನ್ನು. ಡ್ರೈವರು ಗೋಡೆಯ ಕಡೆ ತಿರುಗಿ ಮಲಗಿದ್ದರು. ಎಷ್ಟು ಸಣ್ಣಗಾಗಿದ್ದರೆಂದರೆ ಹೊದಿಕೆಯ ಕೆಳಗೆ ಕಾಲು ಎಲ್ಲಿದೆ ಅಂತ ತಿಳಿಯುತ್ತಿರಲಿಲ್ಲ. ಚಿಕ್ಕಪ್ಪ ಮಂಚದ ಕಾಲಿನ ಹತ್ತಿರ ನಿಂತ. ಕೈ ಎಲ್ಲಿ ಇಡಬೇಕೆಂದು ಗೊತ್ತಾಗದೆ ಅಂಗಿಯ ಅಂಚು ಹಿಡಿದುಕೊಂಡಿದ್ದ.

“ನಾನು ಬೀಜದಂಗಡಿಯವನು” ಅಂದ. “ಟೀಚರದ್ದು ಏನೂ ತಪ್ಪಿಲ್ಲ. ನೀರಿಂದ ಆಗಿದ್ದಲ್ಲ. ಮರದ ಕೆಳಗೆ ಹಾಕೋಕೆ ಕೇಳಿದ್ರು, ನಾನು ಬಿಸಿಲಿನ ಬೀಜ ಕೊಟ್ಟೆ. ಕಿವಿ ಕೇಳಿಸಲ್ಲ ಅಂತ ಹೇಳೋಕೆ ನಾಚಿಕೊಂಡು ತಲೆ ಆಡಿಸಿದೆ. ಗೊತ್ತಾದ ಮೇಲೂ ಬಾಯಿ ಮುಚ್ಕೊಂಡು, ಅವರ ಮೇಲೇ ಹಾಕಿದೆ. ನಿಮ್ಮನ್ನ ಬೀಳಿಸಿದ್ದು ನಾನು.”

ಡ್ರೈವರು ಅಲ್ಲಾಡಲಿಲ್ಲ. ಕೇಳಿಸಿತೋ ಇಲ್ಲವೋ ಅಂತ ನನಗೆ ಅನುಮಾನ ಬಂತು. ಆಮೇಲೆ ಅವರ ಒಳ್ಳೆಯ ಕೈ ಹೊದಿಕೆಯಿಂದ ಹೊರಗೆ ಬಂತು. ತಲೆ ಕಷ್ಟಪಟ್ಟು ಈ ಕಡೆ ತಿರುಗಿತು. ಕಣ್ಣಲ್ಲಿ ನೀರಿತ್ತು, ಅದು ಸೊಟ್ಟ ಬಾಯಿಯ ಪಕ್ಕದಲ್ಲಿ ಇಳಿಯುತ್ತಿತ್ತು. ಅವರು ಮಾತಾಡಿದರು. ಉದ್ದವಾಗಿಯೇ ಮಾತಾಡಿದರು, ನಡುವೆ ನಿಲ್ಲಿಸಿ, ಉಸಿರು ತೆಗೆದುಕೊಂಡು, ಮತ್ತೆ. ನನ್ನ ಕಿವಿ ಚೆನ್ನಾಗಿದೆ, ಆದರೆ ನನಗೆ ಒಂದು ಅಕ್ಷರವೂ ತಿಳಿಯಲಿಲ್ಲ.

ಟೀಚರ್ ಮಂಚದ ಅಂಚಿನಲ್ಲಿ ಕೂತು ಅವರ ಬಾಯಿಯ ಹತ್ತಿರ ಬಾಗಿದ್ದರು. ಒದ್ದೆ ಕೈಯಲ್ಲೇ ಅವರ ಕೈ ಹಿಡಿದಿದ್ದರು. ಹೂಂ, ಹೂಂ ಅನ್ನುತ್ತಿದ್ದರು. ಕೊನೆಗೆ ಟೀಚರ ಭುಜ ಅಲುಗತೊಡಗಿತು.

ಚಿಕ್ಕಪ್ಪ ಕಾದ. ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದ. ಬೈದರೋ, ಶಾಪ ಹಾಕಿದರೋ, ಹೋಗಲಿ ಬಿಡು ಅಂದರೋ, ಯಾವುದಾದರೂ ಸರಿ, ಅದನ್ನು ಹೊತ್ತುಕೊಂಡು ಹೋಗುತ್ತೇನೆ ಅನ್ನುವ ಹಾಗೆ ಕತ್ತು ಮುಂದೆ ಚಾಚಿದ್ದ.

“ಏನಂದ್ರು?” ಅಂತ ಕೇಳಿದ.

ಟೀಚರ್ ತಿರುಗಲಿಲ್ಲ. ಆದರೆ ಅವನಿಗೆ ಕೇಳುವಷ್ಟು ಜೋರಾಗಿ ಹೇಳಿದರು.

“ಅದು ನಿಮಗಲ್ಲ. ನನಗೆ ಹೇಳಿದ್ದು.”

ನಾನು ಅವನ ತೋಳು ಹಿಡಿದೆ. ಅವರಿಬ್ಬರೂ ನಮ್ಮ ಕಡೆ ನೋಡಲಿಲ್ಲ. ಕೋಣೆಯ ಬಾಗಿಲನ್ನು ನಾವೇ ಮುಂದಕ್ಕೆಳೆದು ಹೊರಗೆ ಬಂದೆವು.